ಕೋವಿಗೆ ಕಣ್ಣು ಬೇಡವೇ?

ಕಾಮೋಠೆಯ ಕನ್ನಡದ ಮನೆಗಳಲ್ಲಿ ಕೋವಿ ಇರುವುದಿಲ್ಲ. ಅದು ಇರುವುದು ಊರಿನಲ್ಲಿ, ಮಾಳಿಗೆಯ ಮೂಲೆಯಲ್ಲಿ ಅಥವಾ ದೇವರ ಕೋಣೆಯ ಬಾಗಿಲ ಹಿಂದೆ. ಆದರೆ ಕೋವಿಯ ಮಾತು ಹೆಚ್ಚು ಕೇಳಿಬರುವುದು ಕಾಮೋಠೆಯಂಥ ಕಡೆಯಲ್ಲೇ. ತೀರ್ಥಹಳ್ಳಿ, ಸಾಗರ, ಕುಂದಾಪುರ, ಬೆಳ್ತಂಗಡಿ, ಸುಳ್ಯದ ಕಡೆಯಿಂದ ಬಂದು, ಸಿಡ್ಕೊ ಗೆರೆ ಹಾಕಿ ಎಬ್ಬಿಸಿದ ಈ ಸೆಕ್ಟರುಗಳಲ್ಲಿ ಫ್ಲ್ಯಾಟು ಮಾಡಿಕೊಂಡವರಿಗೆ ತೋಟ ಇನ್ನೂ ಊರಲ್ಲಿದೆ, ತೋಟ ಕಾಯುವ ಅಪ್ಪ ಊರಲ್ಲಿದ್ದಾರೆ, ಅಪ್ಪನ ಕೈಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಹಂದಿ ಅಡಿಕೆ ಸಸಿ ಬುಡಮೇಲು ಮಾಡಿತು ಎಂಬ ಸುದ್ದಿ ವಾಟ್ಸ್ಆ್ಯಪಿನಲ್ಲಿ ಬಂದ ರಾತ್ರಿ ಮಾನಸರೋವರ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತಿರುವ ಮಗ ಫೋನಿನಲ್ಲಿ ಕೇಳುತ್ತಾನೆ: 'ಅಪ್ಪಯ್ಯ, ಕೋವಿಗೊಂದು ಹೊಸ ಸೈಟು ಕಳ್ಸಲಾ?' ಅತ್ತಲಿಂದ ಉತ್ತರ ಸಾಮಾನ್ಯವಾಗಿ ಒಂದೇ: 'ಅಜ್ಜನ ಕೋವಿಗೆ ಅದೆಲ್ಲ ಎಂತಕ್ಕೆ ಮಾರಾಯ.'

ಈ ಎರಡೂ ಮಾತು ತಪ್ಪು. ಮಗನ ಪ್ರಶ್ನೆ ಅರ್ಧ ತಪ್ಪು, ಅಪ್ಪನ ಉತ್ತರ ಪೂರ್ತಿ ತಪ್ಪು. ಇವರಿಬ್ಬರಿಗಿಂತ ದೊಡ್ಡ ತಪ್ಪು ಸರ್ಕಾರದ್ದು. ಅದು ಕೋವಿಗೆ ಪರವಾನಗಿ ಕೊಡುತ್ತದೆ, ನಂಬರು ಬರೆದುಕೊಳ್ಳುತ್ತದೆ, 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಕರೆಯುತ್ತದೆ. ಆ ಕೋವಿಯಿಂದ ಹೊರಟ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಒಮ್ಮೆಯೂ ಕೇಳುವುದಿಲ್ಲ. ಕೋವಿಗೆ ಸರಿಯಾದ ಗುರಿ ಕೂರಿಸುವುದು ಷೋಕಿಯಲ್ಲ, ಶಿಕಾರಿಯ ಚಪಲವೂ ಅಲ್ಲ. ಕೋವಿ ಇಟ್ಟುಕೊಂಡವನ ಮೊದಲ ಹೊಣೆ ಅದು.

*

ಮೊದಲು ಆ ಕೋವಿ ಎಂಥದ್ದು ಎಂದು ನೋಡಬೇಕು. ಪೊಲೀಸರ ದಾಖಲೆಯಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ಮೇಲೆ ನಾರೋ ಬಟ್ಟೆಯೋ ಇಟ್ಟು, ಗಜದಿಂದ ಜಡಿದು, ಗುಂಡನ್ನೋ ಚರೆಯನ್ನೋ ಹಾಕಿ, ಮತ್ತೆ ಜಡಿದು, ಬುಡದ ಮೂತಿಗೆ ಕೇಪು ಕೂರಿಸಿದರೆ ಒಂದು ಈಡು ತಯಾರು. ಮಹಾರಾಷ್ಟ್ರದ ಕೊಂಕಣದಲ್ಲೂ ಇದೇ ಕೋವಿ ಇದೆ. ಅಲ್ಲಿನವರು ಇದನ್ನು 'ಠಾಸಣೀಚಿ ಬಂದೂಕ್' ಎನ್ನುತ್ತಾರೆ, ಅಂದರೆ ಜಡಿಯುವ ಬಂದೂಕು. ಪನ್ವೇಲ್ ದಾಟಿ ರಾಯಗಡದ ಹಳ್ಳಿಗಳಿಗೆ ಹೋದರೆ ಗದ್ದೆ ಕಾಯುವವರ ಬಾಯಲ್ಲಿ ಇದೇ ಹಂದಿ, ಇದೇ ಕೋವಿ, ಇದೇ ದೂರು.

ಈ ಕೋವಿಯನ್ನು ರೈತನ ಕೈಗೆ ಕೊಟ್ಟದ್ದು ಬರೀ ರೂಢಿಯಲ್ಲ, ಕಾಯ್ದೆ. 1959ರ ಆಯುಧ ಕಾಯ್ದೆಯ 13ನೇ ಕಲಮು, ಬೆಳೆ ರಕ್ಷಣೆಗೆ ಪ್ರಾಮಾಣಿಕವಾಗಿ ಬೇಕಾದ ಬಾಯಿ ತುಂಬುವ ಕೋವಿಗೆ ಪರವಾನಗಿ ಕೊಡಬೇಕು ಎನ್ನುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯ ನಳಿಗೆಯ ಕೋವಿ ಕೊಡಬಹುದು ಎಂದೂ ಸೇರಿಸುತ್ತದೆ. ಅಂದರೆ ಇಡೀ ದೇಶದ ಬೆಳೆ ಕಾಯಲು ಕಾಯ್ದೆ ಆರಿಸಿದ ಮೊದಲ ಆಯುಧವೇ ಇದು. ಆರಿಸಿದ ಮೇಲೆ ಅದು ನೆಟ್ಟಗೆ ಹೊಡೆಯುತ್ತದೆಯೇ ಎಂದು ನೋಡುವ ಹೊಣೆ ಯಾರದ್ದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪರವಾನಗಿ ಪುಸ್ತಕದಲ್ಲಿ ಕೋವಿಯ ಬಗೆಗೆ ಜಾಗವಿದೆ, ನಂಬರಿಗೆ ಜಾಗವಿದೆ, ಮದ್ದಿನ ಲೆಕ್ಕಕ್ಕೆ ಜಾಗವಿದೆ. ಗುರಿಗೆ ಜಾಗವಿಲ್ಲ.

ಆ ಕೋವಿಯ ತುದಿಯಲ್ಲಿ ಸಾಮಾನ್ಯವಾಗಿ ಇರುವುದು ಹಿತ್ತಾಳೆಯ ಒಂದು ಮಣಿ. ಹಿಂದೆ, ಕಣ್ಣಿನ ಹತ್ತಿರ, ಬಹಳಷ್ಟು ಕೋವಿಗಳಿಗೆ ಏನೂ ಇರುವುದಿಲ್ಲ. ಎನ್‌ಸಿಸಿಯಲ್ಲಿ ಒಂದು ವಾರ ರೈಫಲ್ ಹಿಡಿದವರಿಗೂ ಫೋರ್‌ಸೈಟು, ಬ್ಯಾಕ್‌ಸೈಟು ಎಂಬ ಎರಡು ಮಾತು ಗೊತ್ತು. ಈ ಎರಡು ಒಂದು ಗೆರೆಗೆ ಬಂದಾಗಲೇ ನಳಿಗೆ ಎತ್ತ ನೋಡುತ್ತಿದೆ ಎಂದು ತಿಳಿಯುವುದು. ಹಿಂದಿನ ಸೈಟು ಇಲ್ಲದ ಕೋವಿಯಲ್ಲಿ ಹೊಡೆಯುವವನ ಕಣ್ಣೇ ಹಿಂದಿನ ಸೈಟು. ಕೆನ್ನೆ ಮರದ ಹಿಡಿಯ ಮೇಲೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂತರೆ ಸರಿ, ಕೂರದಿದ್ದರೆ ಗುಂಡು ಬೇರೆ ದಾರಿ ಹಿಡಿಯುತ್ತದೆ.

ಎಷ್ಟು ಬೇರೆ ದಾರಿ? ಲೆಕ್ಕ ಮಾಡಲು ಶಾಲೆಯ ತ್ರೈರಾಶಿ ಸಾಕು. ಕಣ್ಣಿನಿಂದ ಮಣಿಗೆ ಸುಮಾರು 1 ಮೀಟರು. ತಲೆ 5 ಮಿಲಿಮೀಟರು ಮೇಲೆದ್ದರೆ, ಅಂದರೆ ಬೆರಳಿನ ಅರ್ಧ ಅಗಲದಷ್ಟು, 30 ಮೀಟರು ದೂರದಲ್ಲಿ ಗುಂಡು 15 ಸೆಂಟಿಮೀಟರು ಮೇಲೆ ಹೋಗುತ್ತದೆ. 50 ಮೀಟರಿನಲ್ಲಿ 25 ಸೆಂಟಿಮೀಟರು. ಹಂದಿಯ ಗುಂಡಿಗೆ, ಪುಪ್ಪುಸ ಸೇರಿದ ಜಾಗ ಊಟದ ತಟ್ಟೆಗಿಂತ ದೊಡ್ಡದಲ್ಲ. ಆ ಜಾಗದ ನಟ್ಟನಡುವೆ ಗುರಿ ಇಟ್ಟವನ ಗುಂಡು ತಲೆ ಒಂದಿಷ್ಟು ಎತ್ತಿದ್ದಕ್ಕೆ ಬೆನ್ನ ಮೇಲೆ ಹಾರುತ್ತದೆ. ಕೆಳಗೆ ಬಿದ್ದರೆ ಕಾಲು ಮುರಿಯುತ್ತದೆ, ಹಿಂದೆ ಬಿದ್ದರೆ ಹೊಟ್ಟೆ ಹರಿಯುತ್ತದೆ. ಹೊಟ್ಟೆ ಹರಿದ ಹಂದಿ ಅಲ್ಲೇ ಸಾಯುವುದಿಲ್ಲ. ಕಾಡಿನ ಪೊದೆಗೋ ಪಕ್ಕದ ಕಾಫಿ ಗಿಡಗಳ ನಡುವಿಗೋ ನುಗ್ಗುತ್ತದೆ. ಮರುದಿನ ಬೆಳಗ್ಗೆ ಅಲ್ಲಿಗೆ ಸೊಪ್ಪು ತರಲು, ಹಣ್ಣು ಕೊಯ್ಯಲು ಹೋಗುವವಳು ಕೂಲಿಯ ಹೆಂಗಸು.

ಹಿಂದೊಂದು ಕಚ್ಚು ಇದ್ದರೆ ಈ ತಪ್ಪು ಕಣ್ಣಿಗೆ ಕಾಣುತ್ತದೆ. ತಲೆ ಎದ್ದರೆ ಮಣಿ ಕಚ್ಚಿನಿಂದ ಮೇಲೆ ಇಣುಕುತ್ತದೆ, ತಲೆ ಓರೆಯಾದರೆ ಮಣಿ ಪಕ್ಕಕ್ಕೆ ಸರಿಯುತ್ತದೆ. ಹೊಡೆಯುವವನು ಕುದುರೆ ಎಳೆಯುವ ಮೊದಲೇ ತನ್ನ ತಪ್ಪನ್ನು ನೋಡಬಲ್ಲ. ಸೈಟು ಮಾಡುವುದು ಇಷ್ಟೇ ಕೆಲಸ. ಅದು ಕೋವಿಯ ಬಲ ಹೆಚ್ಚಿಸುವುದಿಲ್ಲ, ದೂರ ಹೆಚ್ಚಿಸುವುದಿಲ್ಲ. ನಯ ನಳಿಗೆಗೆ ರೈಫಲ್ಲಿನ ಹಾಗೆ ಒಳಗೆ ಸುರುಳಿ ಗೀರಿಲ್ಲ, ಗುಂಡು ತಿರುಗುತ್ತ ಹೋಗುವುದಿಲ್ಲ, 50 ಮೀಟರಿನ ಆಚೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಯಾವ ಸೈಟು ಹಾಕಿದರೂ ಆ ಮಿತಿ ದಾಟುವುದಿಲ್ಲ. ಮಿತಿಯ ಒಳಗಿನ ತಪ್ಪನ್ನು ಮಾತ್ರ ಅದು ಕಡಿಮೆ ಮಾಡುತ್ತದೆ.

*

ಇದಕ್ಕೆ ಮೊದಲ ಅಡ್ಡಿ ಊರಿನಿಂದಲೇ ಬರುತ್ತದೆ. 'ಅಜ್ಜ ಇದೇ ಕೋವಿಯಲ್ಲಿ ಓಡುವ ಹಂದಿ ಉರುಳಿಸಿದವರು.' ಇರಬಹುದು. ಆದರೆ ಅಜ್ಜ ಉರುಳಿಸಿದ ಹಂದಿಯ ಕಥೆ ಮನೆಯಲ್ಲಿ ಉಳಿದಿದೆ, ತಪ್ಪಿಸಿಕೊಂಡ ಹಂದಿಯ ಕಥೆ ಉಳಿದಿಲ್ಲ. ಕಥೆಗಳ ಸ್ವಭಾವವೇ ಅದು. ಇನ್ನೊಂದು, ಅಜ್ಜ ಆಗ ಮೂವತ್ತರ ಹರೆಯದವರು, ವಾರಕ್ಕೆ ನಾಲ್ಕು ರಾತ್ರಿ ಕೋವಿ ಹಿಡಿದು ತಿರುಗಿದವರು. ಅವರ ಕೆನ್ನೆಗೆ ಆ ಮರದ ಹಿಡಿ ಅಭ್ಯಾಸವಾಗಿತ್ತು. ಇವತ್ತು ಅದೇ ಕೋವಿ ಹಿಡಿಯುವವರಿಗೆ ಅರವತ್ತೈದು, ಎಪ್ಪತ್ತು. ವರ್ಷಕ್ಕೆ ಮೂರೋ ನಾಲ್ಕೋ ಸಲ, ಅದೂ ರಾತ್ರಿ, ಅದೂ ಸಿಟ್ಟಿನಲ್ಲಿ.

ನಲವತ್ತು ದಾಟಿದ ಕಣ್ಣಿಗೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಗೊತ್ತು. ಪೇಪರು ಓದಲು ಕನ್ನಡಕ ಬೇಕು ಎಂದು ಒಪ್ಪುವವರು, ಕೈಯಳತೆಯಲ್ಲಿರುವ ಕೋವಿಯ ಮಣಿಗೂ ಅದೇ ಕಣ್ಣು ಬೇಕು ಎಂದು ಒಪ್ಪುವುದಿಲ್ಲ. ಹಿಂದಿನ ಕಚ್ಚು, ಮುಂದಿನ ಮಣಿ, ದೂರದ ಗುರಿ, ಈ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಯಾವ ವಯಸ್ಸಿನ ಕಣ್ಣಿಗೂ ಆಗದು. ಹರೆಯದ ಕಣ್ಣು ಒಂದರಿಂದ ಇನ್ನೊಂದಕ್ಕೆ ಬೇಗ ಹೊರಳಿ ನಿಭಾಯಿಸುತ್ತದೆ, ವಯಸ್ಸಾದ ಕಣ್ಣು ಹೊರಳುವುದಿಲ್ಲ. ಇದಕ್ಕೆ ಲೋಹದ ಸೈಟಿನಲ್ಲೇ ಹಳೆಯ ಪರಿಹಾರವಿದೆ: ಕಚ್ಚಿನ ಬದಲು ಸಣ್ಣ ತೂತಿನ ಸೈಟು. ತೂತಿನ ಮೂಲಕ ನೋಡಿದಾಗ ಬೆಳಕು ಕಿರಿದಾಗಿ ಬರುವುದರಿಂದ ಹತ್ತಿರದ್ದೂ ದೂರದ್ದೂ ಸಾಕಷ್ಟು ಸ್ಪಷ್ಟವಾಗುತ್ತವೆ. ಕನ್ನಡಕ ಮರೆತವರು ಮುಷ್ಟಿ ಬಿಗಿದು, ಬೆರಳ ಸಂದಿಯಿಂದ ಬಸ್ಸಿನ ಬೋರ್ಡು ಓದುವುದು ಇದೇ ಉಪಾಯ. ಕತ್ತಲಲ್ಲಿ ಸಣ್ಣ ತೂತು ಬೆಳಕನ್ನೂ ತಿನ್ನುತ್ತದೆ, ಆದ್ದರಿಂದ ಬೆಳೆ ಕಾಯುವ ಕೋವಿಗೆ ತೂತು ದೊಡ್ಡದಿರಬೇಕು. ಇದೆಲ್ಲ ಹೊಸ ವಿದ್ಯೆಯಲ್ಲ. ಅಜ್ಜನ ಮೇಲಿನ ಗೌರವಕ್ಕೂ ಅಜ್ಜನ ಮಣಿಗೂ ಗಂಟು ಹಾಕಿ ಕೂತವರಿಗೆ ಮಾತ್ರ ಇದು ಹೊಸತು.

*

ಎರಡನೆಯ ಅಡ್ಡಿ ನಗರದಿಂದ ಬರುತ್ತದೆ. ಭಾನುವಾರ ಕರ್ನಾಳಾ ಪಕ್ಷಿಧಾಮಕ್ಕೆ ಬೈನಾಕ್ಯುಲರ್ ಹಿಡಿದು ಹೋಗುವ, ಪ್ರಾಣಿಗಳ ಮೇಲೆ ನಿಜವಾದ ಪ್ರೀತಿ ಇರುವ ಜನ ಕೇಳುತ್ತಾರೆ: ಕೋವಿಯ ಗುರಿ ಚೆನ್ನಾದರೆ ಕೊಲೆ ಹೆಚ್ಚಾಗುವುದಿಲ್ಲವೇ? ಕೆಟ್ಟ ಕೋವಿಯೇ ಕಾಡಿಗೆ ಒಳ್ಳೆಯದಲ್ಲವೇ?

ಈ ಪ್ರಶ್ನೆಯಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ. ಹೊಡೆಯಬಹುದೇ ಎಂಬುದು ಒಂದು. ಹೊಡೆದ ಗುಂಡು ಎಲ್ಲಿಗೆ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉತ್ತರ ಕೊಟ್ಟಿದೆ. ಶಿಕಾರಿ ಅಪರಾಧ. ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ, ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲೂ 11ನೇ ಕಲಮಿನ ಅಡಿ ಅನುಮತಿ ಬೇಕು. ಈ ಬರಹ ಆ ಗೆರೆಯನ್ನು ಒಂದು ಕೂದಲೆಳೆಯಷ್ಟೂ ಸರಿಸುವುದಿಲ್ಲ. ಆದರೆ ಆ ಗೆರೆಯನ್ನು ಕಾಯಬೇಕಾದದ್ದು ಕಾನೂನು, ಅರಣ್ಯ ಇಲಾಖೆ, ಊರಿನ ಮನಸ್ಸು. ಕೆಟ್ಟ ಸೈಟಿಗೆ ಆ ಕೆಲಸ ವಹಿಸುವುದು, ಬ್ರೇಕಿಲ್ಲದ ಬಸ್ಸನ್ನು ಜನ ಹತ್ತದಿರಲಿ ಎಂದು ಹಾಗೇ ಬಿಟ್ಟಂತೆ. ಜನ ಹತ್ತಿಯೇ ಹತ್ತುತ್ತಾರೆ.

ಕೆಟ್ಟ ಗುಂಡು ಪ್ರಾಣಿಯನ್ನು ಉಳಿಸುತ್ತದೆ ಎಂದು ನಂಬುವವರು ಚಂಪಾವತದ ಹೆಣ್ಣು ಹುಲಿಯನ್ನು ನೆನೆಯಬೇಕು. ಜಿಮ್ ಕಾರ್ಬೆಟ್ 1907ರಲ್ಲಿ ಅದನ್ನು ಕೊಂದಾಗ ಅದರ ಬಲಗಡೆಯ ಕೋರೆಹಲ್ಲುಗಳು ಮೇಲಿನದ್ದೂ ಕೆಳಗಿನದ್ದೂ ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡಿನಿಂದ ಆದ ಗಾಯ ಅದು. ಸಹಜ ಬೇಟೆ ಆಡಲಾಗದ ಆ ಹುಲಿ ಮನುಷ್ಯರ ಕಡೆ ತಿರುಗಿತು. ಕಾರ್ಬೆಟ್ ಕೊಟ್ಟ ಲೆಕ್ಕದಂತೆ ಸತ್ತವರು 436 ಮಂದಿ. ಆ ಗುಂಡು ಹಾರಿಸಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವನು ಬಹುಶಃ ತಾನು ತಪ್ಪಿದೆ ಎಂದುಕೊಂಡು ಮನೆಗೆ ಹೋಗಿ ಮಲಗಿರಬೇಕು. ತಪ್ಪಿದ ಈಡು ಎಂಬುದು ಬಹಳ ಸಲ ತಪ್ಪಿದ್ದಲ್ಲ, ಬೇರೆ ಕಡೆ ತಾಗಿದ್ದು. ಪ್ರಾಣಿಯ ಮೇಲೆ ಪ್ರೀತಿ ಇರುವವರು ಮೊದಲು ಕೇಳಬೇಕಾದದ್ದು ಇದನ್ನೇ.

ಮೂರನೆಯವರು ಇನ್ನೂ ಜಾಣರು. 'ಕೋವಿ ಇರುವುದು ಶಬ್ದಕ್ಕೆ ಮಾತ್ರ, ಗುಂಡು ಹಾಕುವುದೇ ಇಲ್ಲ, ಸೈಟು ಯಾಕೆ?' ಶಬ್ದಕ್ಕೇ ಆದರೆ ಪಟಾಕಿ ಸಾಕು, ಡಬ್ಬ ಬಡಿದರೂ ಸಾಕು. ಅದಕ್ಕೆ ಜಿಲ್ಲಾಧಿಕಾರಿಯ ಸಹಿ ಬೇಡ. ಪರವಾನಗಿ ಪಡೆದವನು ಗುಂಡು ಹಾಕುವ ಶಕ್ತಿಯನ್ನು ಕೈಯಲ್ಲಿ ಇಟ್ಟುಕೊಂಡಿದ್ದಾನೆ, ಒಂದು ರಾತ್ರಿ ಹಾಕಿಯೂ ಹಾಕುತ್ತಾನೆ. ಶಕ್ತಿ ಬೇಕು, ನಿಖರತೆಯ ಹೊಣೆ ಬೇಡ ಎಂಬ ವಾದವನ್ನು ಒಪ್ಪಲಾಗದು.

*

ಇನ್ನು ಕಾಮೋಠೆಯ ಮಗನ ವಿಷಯ. ಅವನ ಪ್ರಶ್ನೆ ಅರ್ಧ ಸರಿ ಎಂದದ್ದು, ಅವನಿಗೆ ಗುರಿಯ ಚಿಂತೆಯಾದರೂ ಇದೆ ಎಂಬುದಕ್ಕೆ. ಉಳಿದರ್ಧ ತಪ್ಪು, ಅವನು ಅದನ್ನು ಕೊರಿಯರಿನಲ್ಲಿ ಕಳಿಸುವ ಸಾಮಾನು ಎಂದುಕೊಂಡಿರುವುದಕ್ಕೆ.

ಅವನ ಮೊಬೈಲಿನಲ್ಲಿ ಕಾಣುವುದು ಅಮೆರಿಕದ ಸರಕು. ಅಲ್ಲಿ ಬಾಯಿ ತುಂಬುವ ರೈಫಲ್ಲಿಗೆ ಬೇರೆಯೇ ಬೇಟೆಯ ಋತು ಇದೆ. ಕೊಲರಾಡೊದಂಥ ರಾಜ್ಯದಲ್ಲಿ ಆ ಋತುವಿನಲ್ಲಿ ದುರ್ಬೀನು ಹಾಕುವಂತಿಲ್ಲ, ಲೋಹದ ಸೈಟೇ ಗತಿ. ಆದ್ದರಿಂದ ಅಲ್ಲಿ ಲೋಹದ ಸೈಟುಗಳ ದೊಡ್ಡ ಮಾರುಕಟ್ಟೆ ಬೆಳೆದಿದೆ. ಹಸಿರು, ಕೆಂಪು ಚುಕ್ಕಿ ಹೊಳೆಯುವ ಫೈಬರಿನ ಸೈಟುಗಳು ಅಲ್ಲಿಂದಲೇ ಬಂದವು. ಆದರೆ ಅವು ಅಲ್ಲಿನ ಹಗಲು ಬೇಟೆಗೆ ಹೇಳಿ ಮಾಡಿಸಿದವು. ಫೈಬರು ತಾನಾಗಿ ಉರಿಯುವುದಿಲ್ಲ, ಸುತ್ತಲಿನ ಬೆಳಕನ್ನು ಹೀರಿ ತುದಿಯಲ್ಲಿ ತೋರಿಸುತ್ತದೆ, ಅಷ್ಟೆ. ಹಂದಿ ಬರುವುದು ಅಮಾವಾಸ್ಯೆಯ ಕತ್ತಲಲ್ಲಿ. ಆಗ ಆ ದುಬಾರಿ ಚುಕ್ಕಿಯೂ ಅಜ್ಜನ ಮಣಿಯೂ ಒಂದೇ ಕಪ್ಪು. ಕೆನೆತ್ ಆಂಡರ್ಸನ್ ರಾತ್ರಿಯ ಕಾವಲಿಗೆ ರೈಫಲ್ಲಿಗೆ ಟಾರ್ಚು ಕಟ್ಟಿಕೊಳ್ಳುತ್ತಿದ್ದದ್ದು ಸುಮ್ಮನಲ್ಲ. ಬೆಳಕು ಹಿಂದಿನಿಂದ ಬಿದ್ದಾಗ ಅಗಲವಾದ ಬಿಳಿಯ ಮಣಿ, ಅಗಲವಾದ ಕಚ್ಚು, ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಎರಡನೆಯದಾಗಿ, ಆ ಸೈಟುಗಳನ್ನು ಮಾಡಿರುವುದು ದಪ್ಪ ಗೋಡೆಯ, ಎಂಟು ಮೂಲೆಯ ರೈಫಲ್ ನಳಿಗೆಗೆ. ಅದರಲ್ಲಿ ಅಡ್ಡ ಗಾಡಿ ಕೊರೆದು ಸೈಟನ್ನು ಬಿಗಿಯಾಗಿ ತೂರಿಸುತ್ತಾರೆ. ಊರಿನ ಕೋವಿಯ ನಳಿಗೆ ದುಂಡಗಿನದು, ತುದಿಗೆ ಹೋದಂತೆ ಸಪೂರ, ಗೋಡೆ ತೆಳು. ಅದರಲ್ಲಿ ಗಾಡಿ ಕೊರೆಯುವುದು, ಸ್ಕ್ರೂಗೆ ಡ್ರಿಲ್ ಹಾಕುವುದು ಎಂದರೆ ಮದ್ದಿನ ಒತ್ತಡ ತಡೆಯುವ ಗೋಡೆಯನ್ನೇ ತೆಳುಮಾಡಿದಂತೆ. ಬುಡದ ಕಡೆ ಒತ್ತಡ ಅತಿ ಹೆಚ್ಚು. ಹಿಂದಿನ ಸೈಟು ಕೂರುವುದೂ ಆ ಕಡೆಯೇ. ಕೊರೆದ ತೂತು ಒಳಗಿನವರೆಗೆ ಹೋದರೆ, ಅಥವಾ ಹೋಗುವ ಹಾಗೆ ಉಳಿದರೆ, ಮುಂದಿನ ಈಡಿನಲ್ಲಿ ಒಡೆಯುವುದು ಅಪ್ಪನ ಮುಖದ ಹತ್ತಿರ. ತೆಳು ನಳಿಗೆಗೆ ಕೊರೆಯದೆ, ಕಡಿಮೆ ಬಿಸಿಯ ಬೆಸುಗೆಯಲ್ಲಿ ಸೈಟಿನ ಪೀಠ ಕೂರಿಸುವುದು ಬಲ್ಲವರ ದಾರಿ. ನೇಗಿಲ ಗುಳಕ್ಕೆ ಕಾಸುವ ಹಾಗೆ ನಳಿಗೆಯನ್ನು ಕೆಂಪಗೆ ಕಾಸಿದರೆ ಕಬ್ಬಿಣದ ಗುಣವೇ ಕೆಡುತ್ತದೆ.

ಮೂರನೆಯದಾಗಿ, ಅರ್ಧ ಕೆಲಸ ಪೂರ್ತಿ ಹಾಳು. ನಳಿಗೆಯ ಬುಡ ದಪ್ಪ, ತುದಿ ಸಪೂರ. ಹಿಂದೆ ಕಚ್ಚು ಏರಿಸಿ ಮುಂದೆ ಹಳೆಯ ಗಿಡ್ಡ ಮಣಿಯನ್ನೇ ಬಿಟ್ಟರೆ ನಳಿಗೆಯ ಮೂತಿ ಆಕಾಶ ನೋಡುತ್ತದೆ, ಗುಂಡು ಮೇಲೆ ಹೋಗುತ್ತದೆ. ಮುಂದಿನದನ್ನೂ ಎತ್ತರಿಸಬೇಕು. ಎಷ್ಟು ಎತ್ತರ ಎಂದು ಕಾಗದದ ಗುರಿಗೆ ಹೊಡೆದೇ ತಿಳಿಯಬೇಕು. ಬಲ್ಲವರು ಮುಂದಿನ ಸೈಟನ್ನು ಬೇಕಾದ್ದಕ್ಕಿಂತ ಎತ್ತರವಾಗಿಯೇ ಕೂರಿಸುತ್ತಾರೆ. ಆಗ ಮೊದಲ ಗುಂಡುಗಳು ಕೆಳಗೆ ಬೀಳುತ್ತವೆ. ಆಮೇಲೆ ಅರದಿಂದ ಉಜ್ಜಿ ಉಜ್ಜಿ ಇಳಿಸುತ್ತಾರೆ. ಉಜ್ಜಿದ್ದನ್ನು ಇಳಿಸಬಹುದೇ ಹೊರತು ಏರಿಸಲಾಗದು. ಎರಡು ಸೈಟಿನ ನಡುವೆ 60 ಸೆಂಟಿಮೀಟರು ಇದ್ದು, 30 ಮೀಟರಿನಲ್ಲಿ ಗುಂಡು 15 ಸೆಂಟಿಮೀಟರು ಕೆಳಗೆ ಬಿದ್ದರೆ ಉಜ್ಜಬೇಕಾದದ್ದು 3 ಮಿಲಿಮೀಟರು. ಅಡ್ಡಕ್ಕೆ ತಪ್ಪಿದರೆ ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು, ಮುಂದಿನದಾದರೆ ಅದರ ಎದುರು ದಿಕ್ಕಿಗೆ. ಮದ್ದಿನ ಅಳತೆ ಪ್ರತಿ ಸಲ ಒಂದೇ ಇದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥ. ಅಂಗೈ ಲೆಕ್ಕದಲ್ಲಿ ಮದ್ದು ಸುರಿಯುವವನಿಗೆ ಯಾವ ಸೈಟೂ ಸಹಾಯ ಮಾಡದು. ಇದನ್ನೆಲ್ಲ ಕೊರಿಯರು ಮಾಡಿಕೊಡುವುದಿಲ್ಲ.

ನಾಲ್ಕನೆಯದು ಕಾನೂನು. ಆಯುಧ ಕಾಯ್ದೆಯ ಪ್ರಕಾರ ಆಯುಧ ಎಂಬ ಪದದೊಳಗೆ ಆಯುಧದ ಭಾಗಗಳೂ ಬರುತ್ತವೆ. 5ನೇ ಕಲಮು ಪರವಾನಗಿ ಇಲ್ಲದವರು ಕೋವಿಯನ್ನು ರಿಪೇರಿ ಮಾಡುವುದನ್ನು, ಮಾರ್ಪಡಿಸುವುದನ್ನು ತಡೆಯುತ್ತದೆ. 8ನೇ ಕಲಮು ಗುರುತಿನ ನಂಬರು ಅಳಿಸುವುದನ್ನು ತಡೆಯುತ್ತದೆ. ಊರಿನ ಕುಲುಮೆಯಲ್ಲಿ ಸೈಟು ಕೂರಿಸಿಕೊಂಡವನು ಒಳ್ಳೆಯ ಉದ್ದೇಶಕ್ಕೇ ಮಾಡಿದ್ದರೂ ತಾನೂ ಸಿಕ್ಕಿಹಾಕಿಕೊಳ್ಳುತ್ತಾನೆ, ಕಮ್ಮಾರನನ್ನೂ ಸಿಕ್ಕಿಸುತ್ತಾನೆ. ನೇರ ದಾರಿ ಇಲ್ಲವೆಂದಲ್ಲ. ಪರವಾನಗಿದಾರನ ಲಿಖಿತ ಒಪ್ಪಿಗೆಯಿಂದ ಇನ್ನೊಬ್ಬರು ಕೋವಿಯನ್ನು ರಿಪೇರಿಗೆ ಒಯ್ಯಲು 3ನೇ ಕಲಮೇ ಅವಕಾಶ ಕೊಟ್ಟಿದೆ. ಪರವಾನಗಿ ಇರುವ ರಿಪೇರಿಯವರ ಹತ್ತಿರ ಒಯ್ದು, ಅವರ ಪುಸ್ತಕದಲ್ಲಿ ಬರೆಸಿ, ರಸೀದಿ ಪಡೆದು ಮಾಡಿಸಬೇಕಾದ ಕೆಲಸ ಇದು.

*

ಇಲ್ಲಿಗೆ ಬಂದಾಗ ಬೊಟ್ಟು ಸರ್ಕಾರದ ಕಡೆ ತಿರುಗುತ್ತದೆ. ನೇರ ದಾರಿ ಕಾಗದದ ಮೇಲಿದೆ. ನೆಲದ ಮೇಲೆ ಅದು ಎಷ್ಟು ದೂರ? ಮಲೆನಾಡಿನ ಹಳ್ಳಿಯ ರೈತನಿಗೆ ಹತ್ತಿರದ ಪರವಾನಗಿ ರಿಪೇರಿಯವರು ಯಾರು, ಸೈಟು ಕೂರಿಸಿದರೆ ಅದು ರಿಪೇರಿಯೋ ಮಾರ್ಪಾಟೋ, ಕೂರಿಸಿದ ಮೇಲೆ ಗುರಿ ಪರೀಕ್ಷೆಗೆ ಎಲ್ಲಿ ಹೊಡೆಯಬೇಕು, ಈ ಮೂರು ಪ್ರಶ್ನೆಗೆ ಠಾಣೆಯಲ್ಲಿ ಸ್ಪಷ್ಟ ಉತ್ತರ ಬರೆದು ಹಚ್ಚಲು ಒಂದು ಹಾಳೆ ಸಾಕು. ಆ ಹಾಳೆ ಇಲ್ಲದ ಕಡೆ ಕೆಲಸ ನಡೆಯುವುದು ಕತ್ತಲಲ್ಲಿ, ಕುಲುಮೆಯಲ್ಲಿ.

ಚುನಾವಣೆ ಬಂದಾಗ ಇದೇ ವ್ಯವಸ್ಥೆ ಎಷ್ಟು ಚುರುಕು! ಒಬ್ಬೊಬ್ಬರ ವಿಷಯವನ್ನೂ ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿದವರು ಇಂಥವರಿಂದ ಆಯುಧ ಪಡೆಯಿರಿ ಎಂಬುದು ಚುನಾವಣಾ ಆಯೋಗದ ಸೂಚನೆ. ಹೀಗಿದ್ದೂ ಬೆಳೆ ಕಾಯುವ ರೈತರೆಲ್ಲ ಕೋವಿ ಹೊತ್ತು ಠಾಣೆಯ ಮುಂದೆ ಸಾಲು ನಿಲ್ಲಬೇಕಾದ ದೂರು ಕರಾವಳಿ, ಮಲೆನಾಡುಗಳಲ್ಲಿ ಪ್ರತಿ ಚುನಾವಣೆಗೂ ಏಳುತ್ತದೆ. ಕೋವಿಗಳನ್ನು ಎಣಿಸಿ, ಚೀಟಿ ಕಟ್ಟಿ ಇಡಲು ಗೊತ್ತಿರುವ ವ್ಯವಸ್ಥೆಗೆ, ಅದೇ ಸಾಲಿನಲ್ಲಿ ಅದೇ ಕೋವಿಗಳ ನಳಿಗೆ ತುಕ್ಕು ಹಿಡಿದಿದೆಯೇ, ಸೈಟು ಅಲುಗುತ್ತಿದೆಯೇ ಎಂದು ಒಬ್ಬ ಆರ್ಮರರ್ ಕೈಯಲ್ಲಿ ನೋಡಿಸಲು ಮನಸ್ಸಾಗದು.

ಕೊಡಗನ್ನು ನೋಡಿ ಕಲಿಯಬಹುದಾದದ್ದು ಒಂದಿದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಸಿಕ್ಕ ವಿನಾಯಿತಿ, 1963ರ ಕೇಂದ್ರದ ಅಧಿಸೂಚನೆಯಲ್ಲಿ ಮುಂದುವರಿದು, 2019ರಲ್ಲಿ ಮತ್ತೆ 10 ವರ್ಷಕ್ಕೆ ವಿಸ್ತರಣೆಯಾಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಏಕೆ ಎಂಬ ಚರ್ಚೆ ಇದ್ದೇ ಇದೆ, ಅದು ಬೇರೆ. ಇಲ್ಲಿ ಗಮನಿಸಬೇಕಾದದ್ದು ಕೈಲ್ ಪೊಳ್ದ್. ಸೆಪ್ಟೆಂಬರಿನ ಆ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಮಾಡಿ ಹೂವಿಟ್ಟು ಸುಮ್ಮನಾಗುವುದಿಲ್ಲ. ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಊರೆಲ್ಲ ನೋಡುತ್ತಿರುವಾಗ, ಹಗಲು ಹೊತ್ತಿನಲ್ಲಿ, ಹಿರಿಯರ ಎದುರು. ಯಾರ ಕೈ ನಡುಗುತ್ತದೆ, ಯಾರ ಕೋವಿ ಎಡಕ್ಕೆ ಎಳೆಯುತ್ತದೆ ಎಂಬುದು ಊರಿಗೆ ಗೊತ್ತಾಗುತ್ತದೆ. ಹಬ್ಬದ ಹೆಸರಿನಲ್ಲಿ ಅದು ವಾರ್ಷಿಕ ಪರೀಕ್ಷೆ. ಉಳಿದ ಜಿಲ್ಲೆಗಳ ಕೋವಿಗೆ ಆಯುಧಪೂಜೆಯ ಕುಂಕುಮ ಮಾತ್ರ ಸಿಗುತ್ತದೆ, ತೆಂಗಿನಕಾಯಿ ಸಿಗುವುದು ಒಡೆಯಲಿಕ್ಕೆ.

*

ಸೈಟು ಸರಿಯಾದರೆ ಎಲ್ಲ ಸರಿಯಾಯಿತು ಎಂದು ಯಾರಾದರೂ ತಿಳಿದರೆ ಅದೂ ಅಪಾಯವೇ. ಹಂದಿ ಎಂದು ಹೊಡೆದದ್ದು ಜೊತೆಗಾರನಿಗೆ ತಾಗಿತು ಎಂಬ ಸುದ್ದಿ ಮಲೆನಾಡಿನಲ್ಲಿ ಹೊಸದಲ್ಲ. ಅಲ್ಲಿ ತಪ್ಪಿದ್ದು ಸೈಟಲ್ಲ. ಗುಂಡು ಗುರಿ ಇಟ್ಟಲ್ಲಿಗೇ ಹೋಯಿತು, ಗುರಿ ಇಟ್ಟದ್ದು ಪೊದೆಯ ಸದ್ದಿಗೆ. ಏನೆಂದು ಕಣ್ಣಾರೆ ಕಾಣದೆ, ಅದರ ಹಿಂದೇನಿದೆ ಎಂದು ತಿಳಿಯದೆ ಕುದುರೆ ಎಳೆಯುವವನ ಕೈಗೆ ಒಳ್ಳೆಯ ಸೈಟು ಕೊಟ್ಟರೆ ಅವನು ಇನ್ನೂ ನಿಖರವಾಗಿ ತಪ್ಪು ಮಾಡುತ್ತಾನೆ. ಆದ್ದರಿಂದ ಸೈಟಿನ ಮಾತಿಗೆ ಅಭ್ಯಾಸದ ಮಾತು, ಕಣ್ಣಿನ ಮಾತು ಅಂಟಿಕೊಂಡೇ ಬರಬೇಕು. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯ ಮಾತು ಎತ್ತಿವೆ. ಅದನ್ನು ತಾಲ್ಲೂಕಿಗೆ ವರ್ಷಕ್ಕೊಂದು ದಿನ, ಹೋಮ್‌ಗಾರ್ಡಿನ ಮೈದಾನದಲ್ಲೋ ಪೊಲೀಸರ ಗುಂಡಿನ ಅಭ್ಯಾಸದ ಜಾಗದಲ್ಲೋ ಮಾಡುವುದು ಅಸಾಧ್ಯವಲ್ಲ. ಕಾಗದದ ಗುರಿ, 30 ಮೀಟರು, ಐದು ಈಡು, ಒಬ್ಬ ಕಣ್ಣಿನ ಡಾಕ್ಟರು. ನವೀಕರಣದ ಅರ್ಜಿಗೆ ಆ ಕಾಗದವನ್ನೇ ಲಗತ್ತಿಸಲಿ. ಐದರಲ್ಲಿ ಮೂರು ತಟ್ಟೆಯಗಲದೊಳಗೆ ಬೀಳದಿದ್ದರೆ ಕೋವಿಯೋ ಕಣ್ಣೋ ಒಂದನ್ನು ಸರಿಮಾಡಿಕೊಂಡು ಬರಲಿ.

ಕಣ್ಣು ಸರಿಯಾಗದ ಕಾಲವೂ ಬರುತ್ತದೆ. ಕಾಯ್ದೆ ಅದನ್ನೂ ಯೋಚಿಸಿದೆ. ಪರವಾನಗಿದಾರನಿಗೆ 70 ತುಂಬಿದರೆ, ಅಥವಾ ಕೋವಿ ಹಿಡಿದು 25 ವರ್ಷವಾದರೆ, ತಾನು ಸೂಚಿಸಿದ ವಾರಸುದಾರನಿಗೆ ಅದನ್ನು ಕೊಡಬಹುದು ಎಂದು ಅದೇ 2016ರ ನಿಯಮಗಳು ಹೇಳುತ್ತವೆ. ಇಲ್ಲಿ ಕಾಮೋಠೆ ಮತ್ತೆ ಬರುತ್ತದೆ. ಹೆಸರು ಬದಲಿಸಿಕೊಳ್ಳಲು ಮಗ ತಯಾರು, ಊರಿಗೆ ಮರಳಲು ತಯಾರಿಲ್ಲ. ಪರವಾನಗಿ ಕಾಮೋಠೆಯ ಫ್ಲ್ಯಾಟಿನವನ ಹೆಸರಿನಲ್ಲಿ, ಕೋವಿ ಊರಿನ ಮೂಲೆಯಲ್ಲಿ, ಹಂದಿ ಬಂದ ರಾತ್ರಿ ಅದನ್ನು ಹಿಡಿಯುವುದು ಅದೇ ಎಪ್ಪತ್ತೆರಡರ ಅಪ್ಪ, ಈಗ ಪರವಾನಗಿಯೂ ಇಲ್ಲದೆ. ಹೀಗೆ ಮಾಡಿದವನು ಮನೆತನದ ಕೋವಿ ಉಳಿಸಿದೆ ಎಂದು ಹೆಮ್ಮೆಪಡುತ್ತಾನೆ. ಅವನು ಉಳಿಸಿದ್ದು ಒಂದು ನಂಬರು. ಕಳೆದದ್ದು ಅಪ್ಪನ ಕಾನೂನಿನ ರಕ್ಷಣೆ.

ಅಪ್ಪನಿಗೆ ಕೋವಿ ಬೇಕೇ ಬೇಕು ಎಂದು ನಿಜವಾಗಿ ಅನಿಸಿದ ಮಗ ಮಾಡಬೇಕಾದದ್ದು ಇಷ್ಟು. ಮುಂದಿನ ರಜೆಯಲ್ಲಿ ಪನ್ವೇಲಿನಲ್ಲಿ ಮತ್ಸ್ಯಗಂಧಾ ಹತ್ತಲಿ. ಮೊದಲು ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಆಮೇಲೆ ಕಾಗದಪತ್ರ ಸಮೇತ ಕೋವಿಯನ್ನು ಪರವಾನಗಿ ಇರುವ ರಿಪೇರಿಯವರಲ್ಲಿಗೆ ಒಯ್ಯಲಿ, ನಳಿಗೆ ಇನ್ನೂ ಮದ್ದು ತಾಳುತ್ತದೆಯೇ ಎಂದು ಕೇಳಲಿ. ತಾಳುತ್ತದೆ ಎಂದರೆ ಹಿಂದೆ ಅಗಲವಾದ ಕಚ್ಚು, ಮುಂದೆ ಎತ್ತರದ ಬಿಳಿ ಮಣಿ ಕೂರಿಸಲಿ, ಕಾಗದಕ್ಕೆ ಹೊಡೆದು ನೋಡಲು ಠಾಣೆಯಲ್ಲಿ ಜಾಗ ಕೇಳಲಿ. ತಾಳುವುದಿಲ್ಲ ಎಂದರೆ, ಅಥವಾ ಕಣ್ಣು ಕಾಣುವುದಿಲ್ಲ ಎಂದರೆ, ಕೋವಿಯನ್ನು ಠಾಣೆಗೆ ಒಪ್ಪಿಸಿ, ಅದೇ ದುಡ್ಡಿಗೆ ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಲಿ. ಎರಡರಲ್ಲಿ ಯಾವುದಾದರೂ ಸರಿ. ಕುರುಡು ಕೋವಿ, ಮಂಜುಗಣ್ಣು, ಕತ್ತಲ ರಾತ್ರಿ, ಈ ಮೂರನ್ನು ಒಂದೇ ಮನೆಯಲ್ಲಿ ಬಿಟ್ಟು ಬರುವುದು ಮಾತ್ರ ಸರಿಯಲ್ಲ.